ಭೋಸರಿಯ ವಿಎಂಸಿ ಪ್ರೋಗ್ರಾಮಿಂಗ್ ಕ್ಲಾಸ್: ಫೀಸು ಜಾಸ್ತಿ, ಆದರೆ ಝೀರೋ ಎಲ್ಲಿದೆ ಅಂತ ಕಲಿಸುತ್ತಾರೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಪುಣೆಯಲ್ಲಿ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಮೇಲಿಂದ ಟೂಲ್ ಇಳಿಸಿ ಲೋಹ ಕೊರೆಯುವ ಮೆಷಿನ್) ಆಪರೇಟರ್ ಆಗಿದ್ದೀರಿ, ಜಾಬ್ ಅಂದರೆ ಕೊರೆಯಬೇಕಾದ ತುಂಡನ್ನು ಕಟ್ಟಿ, ಅಳತೆ ಶುರುವಾಗುವ ಝೀರೋ ಹಿಡಿಯುವ ಸೆಟ್ಟರ್ ಆಗಬೇಕು ಅಂತಿದೆ, ನಿಮ್ಮ ಶಾಪಿನ ಮೆಷಿನ್‌ಗಿರುವುದು ಫಾನಕ್ ಕಂಪನಿಯ ಕಂಟ್ರೋಲ್ ಅಂದರೆ ಈ ಕ್ಲಾಸಿಗೆ ಹೋಗಿ. ಸೀಮೆನ್ಸ್ ಕಂಟ್ರೋಲ್ ಕಲಿಯಬೇಕು, ಪ್ರೋಗ್ರಾಮ್ ತಾನೇ ಬರೆದುಕೊಡುವ ಕ್ಯಾಮ್ ಸಾಫ್ಟ್‌ವೇರ್ ಕಲಿಯಬೇಕು, ಸರ್ಟಿಫಿಕೇಟ್ ತೋರಿಸಿ ಕೆಲಸ ಹಿಡಿಯಬೇಕು ಅನ್ನುವವರು ಹೋಗಬೇಡಿ, ದುಡ್ಡು ದಂಡ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು.

ಕ್ಲಾಸಿನ ಹೆಸರು ಹಾಕುತ್ತಿಲ್ಲ. ನನ್ನ ದೂರುಗಳೂ ಇವೆ, ಅವನ್ನು ಪಾಠ ಮಾಡುವ ಸರ್ ಮುಂದೆಯೇ ಹೇಳಿ ಬಂದಿದ್ದೇನೆ, ಇಲ್ಲಿ ಬೋರ್ಡ್ ಸಮೇತ ಎಳೆಯುವುದು ಬೇಡ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳಗೆ, ಒಂದು ಟೂಲ್ ರೂಮಿನ ಮೇಲಿನ ಮಹಡಿಯಲ್ಲಿದೆ. ಪಾಠ ಮೇಲೆ, ಮೆಷಿನ್ ಕೆಳಗೆ. ಹೊಸಬರಿಗೆ ಒಂದು ಮಾತು: ಮೆಟ್ರೋದಲ್ಲಿ ಮೊದಲು ಭೋಸರಿ ಅಂತ ಹೆಸರಿದ್ದ ಸ್ಟೇಷನ್ ಇದೆ ಅಂತ ಖುಷಿಯಾಗಿ ಇಳಿಯಬೇಡಿ, ಅದು ಇರುವುದು ನಾಶಿಕ್ ಫಾಟಾದಲ್ಲಿ, ಅಲ್ಲಿಂದ ಮತ್ತೆ ಪಿಎಂಪಿಎಂಎಲ್ ಸಿಟಿ ಬಸ್ಸೋ ಶೇರ್ ರಿಕ್ಷಾನೋ ಹಿಡಿಯಬೇಕು. ಈ ಕಡೆ ಕಾರ್ಖಾನೆಗಳಿಗೆ ಗುರುವಾರ ರಜೆ ಅಲ್ವಾ, ಅದಕ್ಕೇ ಗುರುವಾರದ್ದೊಂದು ಬ್ಯಾಚ್ ಇಟ್ಟಿದ್ದಾರೆ. ಭಾನುವಾರದ ಬ್ಯಾಚ್‌ನಲ್ಲಿ ಕಾಲೇಜು ಹುಡುಗರು ತುಂಬಿರುತ್ತಾರೆ. ಗುರುವಾರದ್ದರಲ್ಲಿ ನಮ್ಮಂಥವರು, ಶಿಫ್ಟ್ ಮಾಡಿ ಕೈಗೆ ಕೂಲಂಟ್ ವಾಸನೆ ಹತ್ತಿದವರು. ಆಗುವುದಾದರೆ ಅದಕ್ಕೇ ಸೇರಿ, ಅಲ್ಲಿ ಬರುವ ಪ್ರಶ್ನೆಗಳೇ ಬೇರೆ.

ನಾನು ಒಂದು ಜಾಬ್ ಶಾಪಿನಲ್ಲಿ ಸೂಪರ್‌ವೈಸರ್. ವಾಲ್ವ್ ಬಾಡಿ, ಪಂಪ್ ಕವರ್, ಫಿಕ್ಸ್ಚರ್ ಪ್ಲೇಟ್, ಹೀಗೆ ಬಂದದ್ದು ಮಾಡಿಕೊಡುವ ಶಾಪ್. ಹುಡುಗರನ್ನು ಕಳಿಸುವ ಮುಂಚೆ ನಾನೇ ಹೋಗಿ ಕೂತೆ. ಕನ್ವೆನ್ಷನಲ್ ಮಿಲ್ಲಿಂಗಿನಿಂದ ಬಂದವನು ನಾನು, ಕೋಡ್ ಗೊತ್ತಿತ್ತು, ಆದರೆ ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ನಮ್ಮ ಹುಡುಗರಲ್ಲಿ ಅರ್ಧ ಜನ ವಿಜಯಪುರ, ಕಲಬುರಗಿ ಕಡೆಯವರು. ಮರಾಠಿ ಕಿವಿಗೆ ಬೀಳುತ್ತದೆ, ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕು.

ಬೇರೆ ಕ್ಲಾಸ್‌ಗಳಲ್ಲಿ ಮೊದಲ ದಿನವೇ ಮೆಷಿನ್‌ಗೆ ಅಪ್ಪಣೆ ಕೊಡುವ ಜಿ ಕೋಡ್‌ಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂತಾರೆ. ಇಲ್ಲಿ ಹಾಗಿಲ್ಲ. ಸರ್ ಮೊದಲು ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ ಮೆಷಿನ್ ಮುಂದೆ ನಿಲ್ಲಿಸಿ, ಹ್ಯಾಂಡಲ್ ಕೈಗೆ ಕೊಟ್ಟು, ಎಕ್ಸ್ ಪ್ಲಸ್ ತಿರುಗಿಸು ಅಂತಾರೆ. ಟೇಬಲ್ ಎಡಕ್ಕೆ ಹೋಗುತ್ತದೆ. ಪ್ಲಸ್ ಅಂದರೆ ಬಲಕ್ಕೆ ಅಂತ ಶಾಲೆಯಲ್ಲಿ ಕಲಿತವರೆಲ್ಲ ಗಲಿಬಿಲಿ. ಉತ್ತರ ಸರಳ. ಐಎಸ್‌ಒ 841 ಅನ್ನುವ ಸ್ಟ್ಯಾಂಡರ್ಡಿನಲ್ಲಿ ಪ್ಲಸ್ ಮೈನಸ್ ಇಟ್ಟಿರುವುದು ಜಾಬ್ ನಿಂತಿದೆ, ಟೂಲ್ ಓಡಾಡುತ್ತಿದೆ ಅನ್ನುವ ಲೆಕ್ಕದ ಮೇಲೆ. ಟೇಬಲ್ ಎಡಕ್ಕೆ ಹೋದರೆ ಟೂಲ್ ಜಾಬ್ ಮೇಲೆ ಬಲಕ್ಕೆ ಹೋದ ಹಾಗೆಯೇ. ವೈ ಪ್ಲಸ್ ಕೊಟ್ಟರೆ ಟೇಬಲ್ ನಿಮ್ಮ ಹೊಟ್ಟೆ ಕಡೆ ಬರುತ್ತದೆ, ಟೂಲ್ ಜಾಬಿನ ಹಿಂದಕ್ಕೆ ಹೋಗುತ್ತದೆ. ಝಡ್ ಪ್ಲಸ್ ಮಾತ್ರ ಕಣ್ಣಿಗೆ ಕಂಡಂತೆಯೇ, ಟೂಲ್ ಹಿಡಿದ ಸ್ಪಿಂಡಲ್ ಮೇಲಕ್ಕೆ. ಇಷ್ಟು ಹೇಳಿ ಬಿಟ್ಟುಬಿಡಲ್ಲ, ಪ್ರತಿಯೊಬ್ಬರ ಕೈಯಲ್ಲೂ ಮಾಡಿಸುತ್ತಾರೆ. ಪ್ರೋಗ್ರಾಮ್ ಬರೆಯುವಾಗ ಟೇಬಲ್ ಅನ್ನು ಮರೆತುಬಿಡಿ, ನೀವೇ ಟೂಲ್ ಮೇಲೆ ಕೂತಿದ್ದೀರಿ ಅಂದುಕೊಳ್ಳಿ ಅಂತ ಹೇಳಿಕೊಟ್ಟದ್ದು ನಮ್ಮ ಹುಡುಗರಿಗೆ ಸರಿಯಾಗಿ ಹತ್ತಿದೆ.

ಆಮೇಲೆ ಯೂನಿಟ್. ಇಲ್ಲಿಗೆ ಬಂದಾಗ ಈ ಕ್ಲಾಸ್ ನಿಜವಾಗಲೂ ಫೀಸಿನ ದುಡ್ಡು ವಸೂಲಿ ಮಾಡಿಕೊಡುತ್ತದೆ.

ಜಿ20 ಅಂದರೆ ಇಂಚು, ಜಿ21 ಅಂದರೆ ಮಿಲಿಮೀಟರ್. ಒಂದು ಇಂಚು ಸರಿಯಾಗಿ 25.4 ಮಿಲಿಮೀಟರ್, 1959ರಲ್ಲಿ ಅಮೆರಿಕ, ಬ್ರಿಟನ್ ಎಲ್ಲ ಸೇರಿ ಒಪ್ಪಿಕೊಂಡ ಲೆಕ್ಕ. ಇದು ಯಾರಿಗೆ ಗೊತ್ತಿಲ್ಲ ಅಂತೀರಾ? ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ತಪ್ಪಾದಾಗ ಮೆಷಿನ್ ಏನು ಮಾಡುತ್ತದೆ ಅನ್ನುವುದು. ಸರ್ ಅದನ್ನೇ ಹಿಡಿದು ಜಗ್ಗುತ್ತಾರೆ. ಇಂಚಿನ ಪ್ರೋಗ್ರಾಮ್ ಜಿ21ರಲ್ಲಿ ಓಡಿದರೆ ಎಲ್ಲ ಅಳತೆ ಇಪ್ಪತ್ತೈದು ಪಟ್ಟು ಚಿಕ್ಕದು, ಫೀಡ್, ಅಂದರೆ ಟೂಲ್ ಕೊರೆಯುತ್ತಾ ಸಾಗುವ ವೇಗ ಕೂಡ ಅಷ್ಟೇ ಚಿಕ್ಕದು, ಎಫ್ 10 ಅಂತ ಇದ್ದದ್ದು ನಿಮಿಷಕ್ಕೆ 10 ಮಿಲಿಮೀಟರ್ ಆಗಿ ಟೂಲ್ ತೆವಳುತ್ತದೆ. ಪಾಪದ ತಪ್ಪು, ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ತಿಳಿಯುತ್ತದೆ. ಉಲ್ಟಾ ಆದರೆ? ಮಿಲಿಮೀಟರ್ ಪ್ರೋಗ್ರಾಮ್ ಜಿ20ರಲ್ಲಿ ಓಡಿದರೆ ಎಕ್ಸ್ 50 ಅಂದದ್ದು 50 ಇಂಚು, ಅಂದರೆ 1270 ಮಿಲಿಮೀಟರ್. ಎಂಟುನೂರು ಮಿಲಿಮೀಟರ್ ಮಾತ್ರ ಓಡಾಡಬಲ್ಲ ಮೆಷಿನ್ ಓವರ್ ಟ್ರಾವೆಲ್ ಅಲಾರಂ ಕೊಟ್ಟು ನಿಲ್ಲುತ್ತದೆ, ಬಚಾವ್. ಆದರೆ ದೊಡ್ಡ ಅಳತೆ ಬರುವ ಮುಂಚೆ ಝಡ್ ಮೈನಸ್ 2 ಬಂದರೆ ಅಲಾರಂ ಬರಲ್ಲ. ಎರಡು ಮಿಲಿಮೀಟರ್ ಇಳಿಯಬೇಕಾದ ಟೂಲ್ 50.8 ಮಿಲಿಮೀಟರ್ ಇಳಿಯುತ್ತದೆ, ಜಾಬ್ ದಾಟಿ, ಅದನ್ನು ಹಿಡಿದ ವೈಸ್ ಒಳಗೆ. ಅದೂ ಎಫ್ 100 ಅಂದದ್ದು ನಿಮಿಷಕ್ಕೆ 100 ಇಂಚು ಆಗಿ, 2540 ಮಿಲಿಮೀಟರ್ ಫೀಡಿನಲ್ಲಿ. ದೊಡ್ಡ ಸಂಖ್ಯೆಗೆ ಮೆಷಿನ್ ಕಾವಲು ಇರುತ್ತದೆ, ಸಣ್ಣ ಸಂಖ್ಯೆಗೆ ಇರಲ್ಲ. ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಪುಣೆಯಲ್ಲಿ ಇಂಚು ಎಲ್ಲಿ ಬರುತ್ತೆ ಅಂತ ಕೇಳಬೇಡಿ. ಅಮೆರಿಕಕ್ಕೆ ಹೋಗುವ ವಾಲ್ವ್ ಕೆಲಸ ಹಿಡಿದ ಶಾಪಿನಲ್ಲಿ ಡ್ರಾಯಿಂಗೇ ಇಂಚಿನಲ್ಲಿರುತ್ತದೆ. ಬೆಳಗಿನ ಶಿಫ್ಟ್ ಇಂಚಿನ ಜಾಬ್ ಓಡಿಸಿ ಮನೆಗೆ ಹೋಗುತ್ತದೆ. ಜಿ20 ಮೋಡಲ್ ಕೋಡ್, ಅಂದರೆ ಬೇರೆಯದು ಬಂದು ಬದಲಿಸುವವರೆಗೆ ತಾನೇ ಕೂತಿರುತ್ತದೆ. ಮಧ್ಯಾಹ್ನದವನ ಪ್ರೋಗ್ರಾಮಿನಲ್ಲಿ ಜಿ21 ಬರೆದೇ ಇಲ್ಲ ಅಂದರೆ ಮುಗಿಯಿತು. ಅದಕ್ಕೇ ಇವರು ಪ್ರತಿ ಪ್ರೋಗ್ರಾಮಿನ ತಲೆಗೂ ಜಿ21 ಜಿ17 ಜಿ90 ಜಿ40 ಜಿ49 ಜಿ80 ಅಂತ, ಹಿಂದಿನವನು ಬಿಟ್ಟುಹೋದ ಕೋಡ್ ತೊಳೆದುಹಾಕುವ ಒಂದು ಸಾಲು ಬರೆಸಿಯೇ ಬಿಡುತ್ತಾರೆ. ಬರೆಯದಿದ್ದರೆ ಸ್ಟಾರ್ಟ್ ಬಟನ್ ಮುಟ್ಟಲು ಬಿಡಲ್ಲ.

ಇನ್ನೊಂದು ಚುಕ್ಕೆಯ, ಅಂದರೆ ದಶಮಾಂಶ ಬಿಂದುವಿನ ಕಥೆ, ಮೇಲಿನ ಲೆಕ್ಕದಲ್ಲಿ ಎಕ್ಸ್, ಝಡ್ ಅಳತೆಗೆಲ್ಲ ಅದು ಇದೆ ಅಂತಲೇ ಇಟ್ಟುಕೊಳ್ಳಿ. ಫಾನಕ್‌ನಲ್ಲಿ ಸಾಮಾನ್ಯವಾಗಿ ಚುಕ್ಕೆ ಇಲ್ಲದೆ ಎಕ್ಸ್ 50 ಅಂತ ಬರೆದರೆ ಅದು 50 ಮಿಲಿಮೀಟರ್ ಅಲ್ಲ, 50 ಮೈಕ್ರಾನ್, ಅಂದರೆ 0.05 ಮಿಲಿಮೀಟರ್. ಕಡೆಯಲ್ಲಿ ಒಂದು ಚುಕ್ಕೆ ಇಟ್ಟರೆ ಮಾತ್ರ ಮಿಲಿಮೀಟರ್. ಚುಕ್ಕೆ ಇಲ್ಲದೆಯೂ ಮಿಲಿಮೀಟರ್ ಅಂತಲೇ ಓದುವ ಪ್ಯಾರಾಮೀಟರ್ ಒಂದಿದೆ, ಕೆಲವು ಶಾಪಿನಲ್ಲಿ ಹಾಕಿರುತ್ತಾರೆ, ಕೆಲವಲ್ಲಿ ಇಲ್ಲ, ಅಲ್ಲೇ ಇರುವುದು ಮೋಸ. ಒಂದು ಮೆಷಿನ್ ಮೇಲೆ ಚೆನ್ನಾಗಿ ಓಡಿದ ಪ್ರೋಗ್ರಾಮ್ ಪಕ್ಕದ ಮೆಷಿನ್ ಮೇಲೆ ಬೇರೆಯೇ ಆಟ ಆಡುತ್ತದೆ. ಆಳ ಕೊಡುವಾಗ ಚುಕ್ಕೆ ಮರೆತರೆ ನಷ್ಟವಿಲ್ಲ, ಐದು ಮೈಕ್ರಾನ್ ಕೆರೆದು ಸುಮ್ನೆ ಬರುತ್ತದೆ. ಮೇಲಕ್ಕೆ ಎತ್ತುವಾಗ ಮರೆತರೆ ನೋಡಿ. ಝಡ್ 100ಕ್ಕೆ ಎತ್ತು ಅಂದುಕೊಂಡು ಚುಕ್ಕೆ ಬಿಟ್ಟರೆ ಟೂಲ್ ಎತ್ತುವುದು 0.1 ಮಿಲಿಮೀಟರ್ ಮಾತ್ರ, ಮುಂದಿನ ಬ್ಲಾಕಿನಲ್ಲಿ, ಅಂದರೆ ಪ್ರೋಗ್ರಾಮಿನ ಮುಂದಿನ ಸಾಲಿನಲ್ಲಿ, ರ್ಯಾಪಿಡ್ ಅನ್ನುವ ಪೂರ್ತಿ ವೇಗದಲ್ಲಿ ಹೊಡೆದು ನೇರ ಜಾಬ್ ಹಿಡಿದ ಕ್ಲ್ಯಾಂಪಿಗೆ. ಸರ್ ಒಂದು ಮುರಿದ ಎಂಡ್ ಮಿಲ್ ಟೂಲ್, ಒಂದು ಮೂಲೆ ಹೋದ ಕ್ಲ್ಯಾಂಪ್ ಟೇಬಲ್ ಮೇಲೆ ಇಟ್ಟೇ ಈ ಪಾಠ ಮಾಡುತ್ತಾರೆ. ಫೀಡಿಗೆ ಈ ಕಾಟ ಇಲ್ಲ, ಎಫ್ 100 ಅಂದರೆ ನಿಮಿಷಕ್ಕೆ 100 ಮಿಲಿಮೀಟರೇ. ಡ್ವೆಲ್‌ನಲ್ಲಿ (ಟೂಲ್ ನಿಂತಲ್ಲೇ ಕಾಯುವುದು) ಪಿ 1000 ಅಂದರೆ ಒಂದು ಸೆಕೆಂಡ್, ಅಲ್ಲಿ ಚುಕ್ಕೆ ನಡೆಯಲ್ಲ. ಯಾವುದಕ್ಕೆ ಚುಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಗೋಡೆ ಮೇಲೆ ಚಾರ್ಟ್ ಹಾಕಿದ್ದಾರೆ. ಫೋಟೋ ತಗೊಂಡು ಬನ್ನಿ.

ಜಿ90, ಜಿ91 ವ್ಯತ್ಯಾಸಕ್ಕೆ ಸರ್ ಕೊಡುವ ಹೋಲಿಕೆ ಚೆನ್ನಾಗಿದೆ. ಲಾಂಡೇವಾಡಿ ಚೌಕದಿಂದ ಮೂರನೇ ಗಲ್ಲಿ ಅನ್ನುವುದು ಜಿ90, ನೀನು ನಿಂತ ಜಾಗದಿಂದ ಮೂರನೇ ಗಲ್ಲಿ ಅನ್ನುವುದು ಜಿ91. ಮೊದಲನೆಯದರಲ್ಲಿ ಒಂದು ಸಲ ತಪ್ಪಿದರೂ ಮುಂದಿನ ವಿಳಾಸ ಸರಿಯೇ ಇರುತ್ತದೆ, ಎರಡನೆಯದರಲ್ಲಿ ತಪ್ಪು ಜೊತೆಗೇ ನಡೆದು ಬರುತ್ತದೆ. ಲೆಕ್ಕವನ್ನೂ ಮಾಡಿಸುತ್ತಾರೆ. ನೂರು ಮಿಲಿಮೀಟರನ್ನು ಏಳು ಭಾಗ ಮಾಡಿ, 14.28 ಅಂತ ಎರಡೇ ದಶಮಾಂಶ ಇಟ್ಟು ಇನ್‌ಕ್ರಿಮೆಂಟಲ್‌ನಲ್ಲಿ, ಅದೇ ಜಿ91ರಲ್ಲಿ, ಓಡಿಸಿದರೆ ಕೊನೆಯ ರಂಧ್ರ 99.96ಕ್ಕೆ ಬರುತ್ತದೆ. ನಲವತ್ತು ಮೈಕ್ರಾನ್ ಹೋಯಿತು, ಬಿಗಿಯಾಗಿ ಕೂರಬೇಕಾದ ಡೋವೆಲ್ ಪಿನ್ ಕೂರಲ್ಲ.

ಟೂಲನ್ನು ಮನೆಗೆ (ಮೆಷಿನ್‌ನ ಹೋಮ್ ಜಾಗಕ್ಕೆ) ಕಳಿಸುವ ಸಾಲು, ಅದೇ ಜಿ91 ಜಿ28 ಝಡ್ ಝೀರೋ, ಎಲ್ಲರೂ ಕಣ್ಣು ಮುಚ್ಚಿಕೊಂಡು ಬರೆಯುತ್ತಾರೆ. ಅಲ್ಲಿ ಜಿ91 ಯಾಕೆ ಅಂತ ಕೇಳಿ ನೋಡಿ, ಎಷ್ಟೋ ಸೆಟ್ಟರುಗಳು ತಲೆ ಕೆರೆದುಕೊಳ್ಳುತ್ತಾರೆ. ಜಿ28 ನೇರ ಮನೆಗೆ ಹೋಗಲ್ಲ, ನೀವು ಬರೆದ ಪಾಯಿಂಟಿಗೆ ಮೊದಲು ಹೋಗಿ ಆಮೇಲೆ ಮನೆಗೆ ಹೋಗುತ್ತದೆ. ಜಿ91ರಲ್ಲಿ ಝಡ್ ಝೀರೋ ಅಂದರೆ ನಿಂತಲ್ಲಿಂದ ಸೊನ್ನೆ, ಹಾಗಾಗಿ ಸೀದಾ ಮೇಲೆ. ಅದೇ ಸಾಲಿನಲ್ಲಿ ಜಿ90 ಇದ್ದರೆ ಝಡ್ ಝೀರೋ ಅಂದರೆ ಜಾಬಿನ ಝೀರೋ. ಮೇಲಿದ್ದ ಟೂಲ್ ರ್ಯಾಪಿಡ್‌ನಲ್ಲಿ ಜಾಬ್ ತಲೆಗೆ ಬಂದು, ಅಲ್ಲಿಂದ ಮೇಲೆ ಹೋಗುತ್ತದೆ. ಮಧ್ಯೆ ಕ್ಲ್ಯಾಂಪ್ ಇದ್ದರೆ ದೇವರೇ ಗತಿ. ಇದರ ಬದಲು ಜಿ90 ಜಿ53 ಜಿ00 ಝಡ್ ಝೀರೋ ಬರೆಯಿರಿ ಅಂತ ಸರ್ ಹೇಳುತ್ತಾರೆ. ಜಿ53 ಅಂದರೆ ಮೆಷಿನ್‌ನ ಸ್ವಂತ ಕೋಆರ್ಡಿನೇಟ್, ಒಂದೇ ಬ್ಲಾಕಿಗೆ ಕೆಲಸ ಮಾಡಿ ಹೋಗಿಬಿಡುತ್ತದೆ. ನನಗೂ ಇದೇ ಸರಿ ಅನ್ನಿಸಿದೆ.

ಜಿ54ರಿಂದ ಜಿ59ರವರೆಗಿನ ವರ್ಕ್ ಆಫ್‌ಸೆಟ್ ಪಾಠ ಪೂರ್ತಿ ಮೆಷಿನ್ ಮುಂದೆಯೇ ನಡೆಯುತ್ತದೆ. ಮೆಷಿನ್‌ಗೆ ತನ್ನದೊಂದು ಝೀರೋ, ನಮ್ಮ ಜಾಬಿಗೆ ಒಂದು ಝೀರೋ, ಎರಡರ ನಡುವಿನ ದೂರ ಎಷ್ಟು ಅಂತ ಬರೆದಿಡುವ ಡಬ್ಬಿಗಳೇ ಈ ಆರು. ಸ್ಪಿಂಡಲ್‌ಗೆ ಅಂಚು ಹುಡುಕುವ ಎಡ್ಜ್ ಫೈಂಡರ್ ಹಾಕಿ ಜಾಬಿನ ಎಡ ಅಂಚು ಮುಟ್ಟಿಸುತ್ತಾರೆ. ಅದರ ತುದಿ 10 ಮಿಲಿಮೀಟರ್ ವ್ಯಾಸದ್ದಾದರೆ ಸ್ಪಿಂಡಲ್ ಸೆಂಟರ್ ಅಂಚಿನಿಂದ 5 ಮಿಲಿಮೀಟರ್ ಎಡಕ್ಕೆ ನಿಂತಿರುತ್ತದೆ. ಆಫ್‌ಸೆಟ್ ಪೇಜಿನಲ್ಲಿ ಎಕ್ಸ್ ಮೈನಸ್ 5 ಚುಕ್ಕೆ ಅಂತ ಹೊಡೆದು ಮೆಜರ್ ಒತ್ತಬೇಕು. ಮೈನಸ್ ಬದಲು ಪ್ಲಸ್ ಹೊಡೆದರೆ ಪೂರ್ತಿ 10 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತು ಮಿಲಿಮೀಟರ್ ತಪ್ಪು ಕಣ್ಣಿಗೆ ಕಾಣುತ್ತದೆ ಅಂತ ಧೈರ್ಯ ಬೇಡ, ದೊಡ್ಡ ಪ್ಲೇಟ್ ಮೇಲೆ ಒಂದು ರಂಧ್ರ ಹತ್ತು ಮಿಲಿಮೀಟರ್ ಆಚೆ ಬಿದ್ದರೆ ಇನ್‌ಸ್ಪೆಕ್ಷನ್‌ನಲ್ಲೇ ಗೊತ್ತಾಗುವುದು.

ಇಲ್ಲಿ ಅಸಿಸ್ಟೆಂಟ್ ಹುಡುಗನ ಬಗ್ಗೆ ಹೇಳಲೇಬೇಕು. ನಿಪ್ಪಾಣಿ ಕಡೆಯವನು. ಸರ್ ಮರಾಠಿ, ಹಿಂದಿಯಲ್ಲಿ ಹೇಳಿದ್ದನ್ನು ನಮ್ಮ ಹುಡುಗರಿಗೆ ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ. ಯಾರೇ ಸೈಕಲ್ ಸ್ಟಾರ್ಟ್ ಬಟನ್ ಕಡೆ ಕೈ ಚಾಚಿದರೂ ಅವನದು ಒಂದೇ ಪ್ರಶ್ನೆ: "ಅಣ್ಣಾ, ತಡೀರಿ. ಝೀರೋ ಎಲ್ಲಿ ಇಟ್ಟೀರಿ, ಮದ್ಲ ಬೆರಳು ಇಟ್ಟು ತೋರಸ್ರಿ." ತೋರಿಸಿದ ಮೇಲೆ ಬಿಡಲ್ಲ, "ಹಂಗಾದ್ರ ಈಗ ಟೂಲ್ ಜಾಬಿಂದ ಎಷ್ಟು ಮ್ಯಾಲೈತಿ, ಕಣ್ಣಳತಿ ಹೇಳ್ರಿ" ಅಂತಾನೆ. ಆಮೇಲೆ ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್ ಹಾಕಿ, ರ್ಯಾಪಿಡ್ ಕಮ್ಮಿ ಮಾಡಿ ಓಡಿಸಿ, ಟೂಲ್ ಇಳಿಯುತ್ತಿರುವಾಗಲೇ ಟೂಲ್ ತಡೆಯುವ ಫೀಡ್ ಹೋಲ್ಡ್ ಒತ್ತಿಸಿ ಸ್ಕ್ರೀನ್ ಮೇಲೆ ಡಿಸ್ಟೆನ್ಸ್ ಟು ಗೋ, ಅಂದರೆ ಇನ್ನೂ ಹೋಗಬೇಕಾದ ದೂರ ನೋಡಿಸುತ್ತಾನೆ. ಸ್ಕ್ರೀನ್ ಇನ್ನೂ ತೊಂಬತ್ತು ಮಿಲಿಮೀಟರ್ ಇಳಿಯಬೇಕು ಅನ್ನುತ್ತಿದೆ, ಕಣ್ಣಿಗೆ ಟೂಲ್ ಮತ್ತು ಜಾಬ್ ಮಧ್ಯೆ ನಾಲ್ಕು ಬೆರಳು ಜಾಗವೂ ಇಲ್ಲ ಅಂದರೆ, ರಿಸೆಟ್. ಕಾರಣ ಆಮೇಲೆ ಹುಡುಕಿದರಾಯಿತು. ಈ ಒಂದು ಅಭ್ಯಾಸ ನಮ್ಮ ಶಾಪಿನ ಹುಡುಗರಿಗೆ ಕೂತುಬಿಟ್ಟಿದೆ, ನಾನು ಪಕ್ಕದಲ್ಲಿ ನಿಲ್ಲುವ ಕೆಲಸ ತಪ್ಪಿದೆ. ಫೀಸು ಅಲ್ಲಿಗೇ ಬಂತು ಅಂತ ನನ್ನ ಲೆಕ್ಕ.

ಟೂಲ್ ಲೆಂತ್ ಪಾಠವೂ ಚೆನ್ನಾಗಿದೆ. ಪ್ರತಿ ಟೂಲನ್ನೂ ಜಾಬ್ ತಲೆಗೆ ಮುಟ್ಟಿಸಿ ಆ ಮೆಷಿನ್ ಝಡ್ ಅನ್ನು ಎಚ್ ಅನ್ನುವ ಟೂಲ್ ಆಫ್‌ಸೆಟ್‌ನಲ್ಲಿ ಹಾಕಿ ಜಿ54ರ ಝಡ್ ಸೊನ್ನೆ ಬಿಡುವುದು ಒಂದು ಪದ್ಧತಿ. ಟೂಲಿನ ಉದ್ದವನ್ನು ಎಚ್‌ನಲ್ಲಿ, ಜಾಬಿನ ಎತ್ತರವನ್ನು ಜಿ54ರಲ್ಲಿ ಹಾಕುವುದು ಇನ್ನೊಂದು. ಎರಡೂ ಸರಿ. ಒಂದೇ ಮೆಷಿನ್ ಮೇಲೆ ಒಂದು ಶಿಫ್ಟ್ ಹಾಗೆ, ಇನ್ನೊಂದು ಶಿಫ್ಟ್ ಹೀಗೆ ಮಾಡಿದರೆ ಮಾತ್ರ ಕೆಡುತ್ತದೆ, ಎರಡೂ ಸಂಖ್ಯೆ ಕೂಡಿಕೊಂಡು ಟೂಲ್ ಎಲ್ಲಿಗೋ ಹೋಗುತ್ತದೆ. ಆಫ್‌ಸೆಟ್ ಪೇಜಿನ ಮೇಲ್ಗಡೆ ಸೊನ್ನೆ ಸೊನ್ನೆ, ಈಎಕ್ಸ್‌ಟಿ ಅಂತ ಒಂದು ಡಬ್ಬಿ ಇರುತ್ತದಲ್ಲ, ಅಲ್ಲಿ ಹಾಕಿದ್ದು ಆರಕ್ಕೂ ಸೇರುತ್ತದೆ ಅನ್ನುವುದನ್ನೂ ಹೇಳುತ್ತಾರೆ. ಟ್ರಯಲ್‌ಗೆ ಅಂತ ಝಡ್ ಸ್ವಲ್ಪ ಎತ್ತಿಟ್ಟು ತೆಗೆಯಲು ಮರೆತು ಹೋದವನ ಹಿಂದೆ ಬರುವ ಶಿಫ್ಟ್‌ಗೆ ಎಲ್ಲ ಜಾಬೂ ಎತ್ತರ ಜಾಸ್ತಿ ಬರುತ್ತದೆ, ಜಿ54 ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಜಿ17, ಜಿ18, ಜಿ19 ಪ್ಲೇನ್, ಜಿ68 ರೊಟೇಷನ್ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ಪರವಾಗಿಲ್ಲ, ದಿನವೂ ಬೇಕಾಗಲ್ಲ.

ಈಗ ದೂರು.

ಮೊದಲನೆಯದು ನೋಟ್ಸ್. ಜೆರಾಕ್ಸಿನ ಜೆರಾಕ್ಸ್, ಮೈನಸ್ ಗುರುತು ಎಲ್ಲಿದೆ ಎಲ್ಲಿಲ್ಲ ಕಾಣಲ್ಲ. ಝೀರೋ ಬಗ್ಗೆ ಇಷ್ಟು ಜೀವ ತೆಗೆಯುವವರು ಮೈನಸ್ ಕಾಣದ ಹಾಳೆ ಕೊಟ್ಟರೆ ಹೇಗೆ? ಅದರಲ್ಲಿ ಇಂಚಿನ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ) ಮಿಲಿಮೀಟರ್‌ಗೆ ಬದಲಿಸುವ ಟೇಬಲ್ ಒಂದಿದೆ, ಪ್ಲಸ್ ಮೈನಸ್ 0.005 ಇಂಚಿಗೆ ಎದುರಾಗಿ 0.13 ಮಿಲಿಮೀಟರ್ ಅಂತ ಹಾಕಿದ್ದಾರೆ. ನಿಜವಾದದ್ದು 0.127. ಟಾಲರೆನ್ಸನ್ನು ಹೊರಗಡೆಗೆ ರೌಂಡ್ ಮಾಡಬಾರದು, ಒಳಗಡೆಗೆ ಮಾಡಬೇಕು, 0.12 ಅಂತ ಬರೆಯಬೇಕಿತ್ತು. ಮೂರು ಮೈಕ್ರಾನ್ ಅಂತ ನಕ್ಕರು. ಮಿತಿಯ ಮೇಲೇ ಬಂದು ಕೂತ ಜಾಬನ್ನು ಕಸ್ಟಮರ್ ಇನ್‌ಸ್ಪೆಕ್ಟರ್ ವಾಪಸ್ ಕಳಿಸಿದಾಗ ಅವನು ನಗಲ್ಲ. ಸರಿ ಮಾಡುತ್ತೇವೆ ಅಂದಿದ್ದಾರೆ, ನೋಡೋಣ.

ಎರಡನೆಯದು, ಪೂರ್ತಿ ಫಾನಕ್. ಸೀಮೆನ್ಸ್ ಅಂದರೆ "ಅದೂ ಹೀಗೇ" ಅಂತ ಹೇಳಿ ಮುಂದೆ ಹೋಗುತ್ತಾರೆ. ಅದು ಹೀಗೇ ಅಲ್ಲ. ಸೀಮೆನ್ಸ್‌ನ ಸ್ವಂತ ಭಾಷೆಯಲ್ಲಿ ಇಂಚಿಗೆ ಜಿ70, ಮಿಲಿಮೀಟರ್‌ಗೆ ಜಿ71, ಮತ್ತು ಇವು ಅಳತೆಗೆ ಮಾತ್ರ ಅನ್ವಯ. ಫೀಡ್ ಕೂಡ ಬದಲಾಗಬೇಕಾದರೆ ಜಿ700, ಜಿ710 ಹಾಕಬೇಕು. ಚುಕ್ಕೆ ಇಲ್ಲದ ಎಕ್ಸ್ 50 ಅಲ್ಲಿ 50 ಮಿಲಿಮೀಟರೇ. ಹೈಡೆನ್‌ಹೈನ್ ಅನ್ನುವ ಇನ್ನೊಂದು ಕಂಟ್ರೋಲಿನಲ್ಲಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಎಂಎಂ ಅಂತಲೋ ಇಂಚು ಅಂತಲೋ ಇರುತ್ತದೆ. ಚಾಕಣ್ ಕಡೆಯ ಕಾರ್ಖಾನೆಗಳಿಗೆ ಹೋಗುವ ಹುಡುಗನಿಗೆ ಯಾವ ಕಂಟ್ರೋಲ್ ಸಿಗುತ್ತದೋ ಹೇಳಲಾಗದು. ಒಂದು ಗಂಟೆ ಇಟ್ಟು ಈ ವ್ಯತ್ಯಾಸ ತೋರಿಸಿದರೂ ಸಾಕಿತ್ತು.

ಮೂರನೆಯದು, ಜಾಸ್ತಿ ಶಾಪಿನಲ್ಲಿ ಒಂದೇ ಟೇಬಲ್ ಮೇಲೆ ಎರಡು ಮೂರು ವೈಸ್ ಇರುತ್ತದೆ, ಫಿಕ್ಸ್ಚರ್ ಆದರೆ ಇನ್ನೂ ಹೆಚ್ಚು. ಒಂದೇ ಸಬ್‌ಪ್ರೋಗ್ರಾಮನ್ನು ಜಿ54, ಜಿ55 ಬದಲಿಸಿ ಓಡಿಸುವುದನ್ನು ಬೋರ್ಡ್ ಮೇಲೆ ಮಾತ್ರ ತೋರಿಸಿದರು, ಕೆಳಗೆ ಮೆಷಿನ್ ಮೇಲೆ ಇರುವುದು ಒಂದೇ ವೈಸ್. ಆರು ಸಾಲದಿದ್ದಾಗ ಬರುವ ಜಿ54.1 ಪಿ1, ಪಿ2 ಮತ್ತು ಆಫ್‌ಸೆಟನ್ನು ಪ್ರೋಗ್ರಾಮಿನಿಂದಲೇ ಬರೆಯುವ ಜಿ10 ಎಲ್2 ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೇಳಿ. ಕೇಳಿದರೆ ಬೇಸರ ಇಲ್ಲದೆ ಹೇಳುತ್ತಾರೆ, ಜಿ10 ಬಳಸುವಾಗ ಜಿ90 ಇದ್ದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ, ಜಿ91 ಇದ್ದರೆ ಹಳೆಯದಕ್ಕೆ ಸೇರುತ್ತದೆ ಅನ್ನುವುದನ್ನೂ ಸೇರಿಸಿ.

ಬ್ಯಾಚ್ ದೊಡ್ಡದು, ಮೆಷಿನ್ ಒಂದೇ, ಹಾಗಾಗಿ ಕೈಗೆ ಸಿಗುವ ಸಮಯ ಕಮ್ಮಿ. ಟೀ ಬ್ರೇಕಿನಲ್ಲಿ ಎಲ್ಲರೂ ಎದುರಿನ ಅಮೃತತುಲ್ಯ ಟೀ ಅಂಗಡಿಗೆ ಹೋದಾಗ ನೀವು ಕೆಳಗೇ ಇದ್ದು ಅಸಿಸ್ಟೆಂಟ್ ಹತ್ತಿರ ಹ್ಯಾಂಡಲ್ ಕೇಳಿ, ಕೊಡುತ್ತಾನೆ. ಟೀ ಆಮೇಲೂ ಸಿಗುತ್ತದೆ. ಬೋರ್ಡ್ ಮೇಲೆ ಜಾಬ್ ಗ್ಯಾರಂಟಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ಅದನ್ನು ನಂಬಿ ಊರಿಂದ ತಮ್ಮನನ್ನು ಕರೆಸಬೇಡಿ. ಪೂರ್ತಿ ಕಸುಬು ಕಲಿಯುವ ವಯಸ್ಸಿನ ಹುಡುಗನಾದರೆ ಕರ್ನಾಟಕದಲ್ಲೇ ಜಿಟಿಟಿಸಿ ಇದೆ, ಎನ್‌ಟಿಟಿಎಫ್ ಇದೆ, ವರ್ಷಗಟ್ಟಲೆ ಕೂತು ಕಲಿಯುವ ಜಾಗ ಅವು. ಈ ಕ್ಲಾಸ್ ಈಗಾಗಲೇ ಮೆಷಿನ್ ಮುಂದೆ ನಿಂತಿರುವವರಿಗೆ.

ಫೀಸು ಅಕ್ಕಪಕ್ಕದವರಿಗಿಂತ ಜಾಸ್ತಿ, ಒಬ್ಬ ಆಪರೇಟರ್‌ಗೆ ಒಂದು ತಿಂಗಳ ಓವರ್‌ಟೈಮ್ ದುಡ್ಡು ಹೋಗುತ್ತದೆ. ಎರಡು ಕಂತಿನಲ್ಲಿ ಕಟ್ಟಬಹುದು, ಕೇಳಿದರೆ ಮಾತ್ರ ಹೇಳುತ್ತಾರೆ. ಶಾಪಿನವರು ಹುಡುಗರನ್ನು ಕಳಿಸುವುದಾದರೆ ಇಬ್ಬಿಬ್ಬರನ್ನಾಗಿ ಕಳಿಸಿ, ಒಬ್ಬ ಹ್ಯಾಂಡಲ್ ಹಿಡಿದರೆ ಇನ್ನೊಬ್ಬ ಸ್ಕ್ರೀನ್ ನೋಡುತ್ತಾನೆ. ನಿಮ್ಮ ಶಾಪಿನ ಒಂದು ಡ್ರಾಯಿಂಗ್ ಕೈಯಲ್ಲಿ ಕೊಟ್ಟು ಕಳಿಸಿ, ಸರ್ ಅದರ ಮೇಲೆಯೇ ಝೀರೋ ಎಲ್ಲಿ ಇಡಬೇಕು ಅಂತ ಕೂತು ಹೇಳಿಕೊಡುತ್ತಾರೆ. ಸೇರುವ ಮುಂಚೆ ಫೋನ್ ಮಾಡಿ ನಿಪ್ಪಾಣಿ ಹುಡುಗ ಇನ್ನೂ ಇದ್ದಾನಾ ಅಂತ ಕೇಳಿಕೊಳ್ಳಿ. ಚಾಕಣ್‌ನಿಂದ ಅವನಿಗೆ ಕರೆ ಬರುತ್ತಿದೆ ಅಂತ ಸುದ್ದಿ, ಅವನು ಹೋದರೆ ಮರಾಠಿ ಬಾರದವರಿಗೆ ನಾಲ್ಕಲ್ಲ, ಮೂರೇ ಸ್ಟಾರ್ ಅಂತ ಇಟ್ಟುಕೊಳ್ಳಿ.